ವೃದ್ಧರ ಶುಶ್ರೂಷಾಲಯದ ಕ್ಷೇಮವು ಯಾವದರ ಮೇಲೆ ನಿಂತಿದೆ?



ಹಾಸಿಗೆ ಹಿಡಿದ ವೃದ್ಧರನ್ನೂ ಬಲಹೀನರನ್ನೂ ಇರಿಸಿಕೊಂಡು ಹಗಲಿರುಳು ಆರೈಕೆ ಮಾಡುವ ಮನೆಗೆ ಶುಶ್ರೂಷಾಲಯವೆನ್ನುತ್ತಾರೆ. ಇಂಥ ಮನೆಗೆ ಗಟ್ಟಿಯಾದ ಗೋಡೆಗಳೂ ಬೆಲೆಯುಳ್ಳ ಯಂತ್ರಗಳೂ ಇದ್ದರೆ ಸಾಲದು. ನಡಿಸುವವರ ಎಚ್ಚರಿಕೆಯೇ ಮುಖ್ಯವಾದದ್ದು. ಅಮೇರಿಕ ದೇಶದಲ್ಲಿ ನಡೆದ ಒಂದು ಸಂಗತಿಯಿಂದ ಇದನ್ನು ಕಲಿಯೋಣ.

1. ನಡೆದ ಸಂಗತಿ. 2017ನೆಯ ಸಪ್ಟೆಂಬರ 10ರಂದು ಇರ್ಮಾ ಎಂಬ ಚಂಡಮಾರುತವು ಫ್ಲೋರಿಡಾ ಸಂಸ್ಥಾನಕ್ಕೆ ಬಡಿಯಿತು. ಅಲ್ಲಿಯ ಹಾಲಿವುಡ್ ಎಂಬ ಪಟ್ಟಣದ ಒಂದು ಶುಶ್ರೂಷಾಲಯದಲ್ಲಿ ಸುಮಾರು 140 ಮಂದಿ ಇದ್ದರು. ಗಾಳಿಯು ಆ ಮನೆಯನ್ನು ಕೆಡವಲಿಲ್ಲ; ಆದರೆ ಕೋಣೆಗಳನ್ನು ತಂಪಾಗಿಡುವ ಯಂತ್ರಕ್ಕೆ ವಿದ್ಯುಚ್ಛಕ್ತಿ ತಪ್ಪಿಹೋಯಿತು. ಬೀಸಣಿಗೆಗಳನ್ನಿಟ್ಟರೂ ಸೆಕೆ ಇಳಿಯಲಿಲ್ಲ. ರಸ್ತೆಯ ಆಚೆಗೇ ದೊಡ್ಡ ಆಸ್ಪತ್ರೆಯಿತ್ತು. ಆದರೂ 13ರ ಬೆಳಿಗ್ಗೆಯ ತನಕ ಎಲ್ಲರನ್ನೂ ಹೊರಗೆ ಸಾಗಿಸಲಿಲ್ಲ. 12 ಮಂದಿ ಮೃತರಾದರು.

2. ಅದರ ಕಾರಣ. ವೃದ್ಧರ ಶರೀರಕ್ಕೆ ಬೆವರಿ ತಣ್ಣಗಾಗುವ ಶಕ್ತಿಯು ಕಡಿಮೆ. ಬಾಯಾರಿಕೆಯೂ ಅವರಿಗೆ ಬೇಗನೆ ತಿಳಿಯದು. ಎದ್ದು ನಡೆಯಲಾರದವನು ತಂಪಾದ ಸ್ಥಳಕ್ಕೆ ಹೋಗಲಾರನು, ನೀರನ್ನೂ ತಾನೇ ತಂದುಕೊಳ್ಳಲಾರನು. ಆದಕಾರಣ ಅವನ ಕೈಕಾಲುಗಳೂ ಕಣ್ಣುಗಳೂ ಮೇಲ್ವಿಚಾರಕರೇ. ಯಂತ್ರ ಕೆಡುವದು ಎಲ್ಲಿಯೂ ಉಂಟು. ಕೆಟ್ಟಾಗ, “ಇನ್ನು ಕಾಯಬಾರದು, ಇವರನ್ನು ಸಾಗಿಸಿರಿ” ಎಂದು ಹೇಳತಕ್ಕವರು ಯಾರೆಂಬದು ಮೊದಲೇ ಗೊತ್ತಾಗಿರಬೇಕು.

3. ತರುವಾಯ ಆದದ್ದು. ವಿದ್ಯುಚ್ಛಕ್ತಿ ನಿಂತರೂ 96 ತಾಸುಗಳ ವರೆಗೆ ಒಳಗಣ ಶಾಖವು 81 ಫಾರನ್‌ಹೀಟ್ ಡಿಗ್ರಿ, ಅಂದರೆ ಸುಮಾರು 27 ಸೆಲ್ಸಿಯಸ್ ಡಿಗ್ರಿ, ಮೀರದಂತೆ ಪ್ರತಿ ಶುಶ್ರೂಷಾಲಯವು ಸ್ವಂತ ಏರ್ಪಾಡು ಮಾಡಿಕೊಳ್ಳಬೇಕೆಂದು ಫ್ಲೋರಿಡಾದಲ್ಲಿ 2018ರಲ್ಲಿ ನಿಯಮವಾಯಿತು. ಇದು ಒಳ್ಳೇದೇ, ಆದರೆ ನಿಯಮವು ತಾನಾಗಿ ರೋಗಿಯ ಹಣೆಯನ್ನು ಮುಟ್ಟಿ ನೋಡುವದಿಲ್ಲ.

4. ವಿಚಾರಿಸತಕ್ಕ ಪ್ರಶ್ನೆಗಳು. ತಂದೆಯನ್ನಾಗಲಿ ತಾಯಿಯನ್ನಾಗಲಿ ಇಂಥ ಮನೆಗೆ ಒಪ್ಪಿಸುವವರು ಇವುಗಳನ್ನು ಕೇಳಬೇಕು:

ರಾತ್ರಿಯಲ್ಲಿ ಎಚ್ಚರವಾಗಿರುವ ದಾದಿಯರು ಎಷ್ಟು ಮಂದಿ?

ಬೆಂಕಿ ಹತ್ತಿದರೆ ನಡೆಯಲಾರದವರನ್ನು ಯಾವ ದಾರಿಯಿಂದ ತರುವರು? ಅದನ್ನು ಅಭ್ಯಾಸಮಾಡಿ ನೋಡಿದ್ದುಂಟೋ?

ಕೊಟ್ಟ ಔಷಧವನ್ನೂ, ಬಿದ್ದದ್ದನ್ನೂ, ಹಾಸಿಗೆಹುಣ್ಣನ್ನೂ ಪುಸ್ತಕದಲ್ಲಿ ಬರೆದಿಡುವರೋ?

ಕೆಲಸದವರು ತಪ್ಪನ್ನು ತಿಳಿಸಿದರೆ ಯಜಮಾನರು ಕೇಳುವರೋ, ಗದರಿಸುವರೋ?

ಒಪ್ಪಿಸಿದ ಮೇಲೂ ನಮ್ಮ ಕೆಲಸ ಮುಗಿಯುವದಿಲ್ಲ. ಹೇಳದೆ ಒಂದು ದಿನ ಹೋಗಿರಿ. ತಂಬಿಗೆಯಲ್ಲಿ ನೀರಿದೆಯೋ, ಅದು ಕೈಗೆ ಎಟಕುವ ಹಾಗಿದೆಯೋ ನೋಡಿರಿ.