ಬೆಳಗಿನ ಕೈ, ಸಂಜೆಯ ಕೈ

ನನಗೆ ಆಮವಾತ ಇದೆ ಅಂದರೆ ಜನ ಮೊದಲು ನನ್ನ ತಲೆಗೂದಲು ನೋಡುತ್ತಾರೆ, ಆಮೇಲೆ ಮಂಡಿ. ಕೂದಲು ಇನ್ನೂ ಕಪ್ಪಗಿದೆ, ನಡಿಗೆ ನೆಟ್ಟಗಿದೆ, ನಂಬಿಕೆ ಬರುವುದಿಲ್ಲ. ಆಮವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್, ವಯಸ್ಸಾದಂತೆ ಸವೆದು ಬರುವ ಮಂಡಿನೋವಲ್ಲ. ಮೈ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಮೂವತ್ತು, ನಲವತ್ತರಲ್ಲೂ ಬರಬಹುದು, ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ನನಗೆ ಬಹುತೇಕರಂತೆ ಎರಡೂ ಕೈಬೆರಳುಗಳ ಬುಡದಿಂದ ಶುರುವಾಯಿತು.

ಈ ಕಾಯಿಲೆಗೆ ಹೊತ್ತು ಗೊತ್ತು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ಟು, ಟೂತ್‌ಪೇಸ್ಟಿನ ಮುಚ್ಚಳ, ರವಿಕೆಯ ಹುಕ್ಕು, ಎಲ್ಲವೂ ಆ ಹೊತ್ತಿಗೆ ವೈರಿಗಳೇ. ಬೋಗುಣಿಯ ಬಿಸಿನೀರಿನಲ್ಲಿ ಕೈ ಅದ್ದಿ ಕೂತರೆ ಒಂದು ಗಂಟೆಗೋ ಎರಡು ಗಂಟೆಗೋ ಬಿಗಿತ ಸಡಿಲುತ್ತದೆ. ಸಂಜೆ ಅದೇ ಕೈ ಮಲ್ಲಿಗೆ ಕಟ್ಟುತ್ತದೆ. ಮದುವೆಮನೆಯಲ್ಲಿ ನಂಟರು ನೋಡುವುದು ಈ ಸಂಜೆಯ ಕೈಯನ್ನು. 'ಚೆನ್ನಾಗೇ ಇದೀಯಲ್ಲೇ!' ಅನ್ನುತ್ತಾರೆ. ಜೊತೆಗೆ ಬದನೆಕಾಯಿ ನಂಜು, ಆಲೂಗಡ್ಡೆ ವಾಯು ಎಂಬ ಉಪದೇಶ. ಮಳೆಗಾಲದಲ್ಲಿ ಹೆಚ್ಚುತ್ತದೆ ಎಂದೂ ಹೇಳುತ್ತಾರೆ. ನನ್ನ ಬೆರಳುಗಳಿಗೆ ಮಾರ್ಚೂ ಒಂದೇ, ಆಷಾಢವೂ ಒಂದೇ.

ಹಾಗಾಗಿ ಮನೆಗೆಲಸವನ್ನು ಹೊತ್ತಿನ ಮೇಲೆ ಹಂಚಿಕೊಂಡೆ. ತರಕಾರಿ ಹೆಚ್ಚುವುದು, ಚಪಾತಿಹಿಟ್ಟು ನಾದುವುದು ಹಿಂದಿನ ಸಂಜೆಯೇ. ಈಳಿಗೆಮಣೆ ಅಟ್ಟ ಸೇರಿತು, ತೆಂಗಿನಕಾಯಿ ಈಗ ಮಿಕ್ಸಿಗೆ. ತಿರುಗಿಸುವ ನಲ್ಲಿ ತೆಗೆಸಿ ಮೊಣಕೈಯಿಂದ ಒತ್ತಿದರೂ ತೆರೆಯುವ ಉದ್ದ ಹಿಡಿಯ ನಲ್ಲಿ ಹಾಕಿಸಿದೆ. ಇಷ್ಟೆಲ್ಲ ಗುಳಿಗೆಗಳ ನಡುವೆ ನನಗೆ ಅತಿ ಹೆಚ್ಚು ಉಪಕಾರ ಮಾಡಿದ ಸಾಮಾನುಗಳಲ್ಲಿ ಆ ನಲ್ಲಿಯೂ ಒಂದು.

ಗುಳಿಗೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಔಷಧ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಅದನ್ನು ದಿನದ ಗುಳಿಗೆಗಳ ಜೊತೆ ಇಡುವುದಿಲ್ಲ, ಬೇರೆ ಡಬ್ಬಿ, ಮೇಲೆ ದೊಡ್ಡಕ್ಷರದಲ್ಲಿ 'ಶನಿವಾರ ರಾತ್ರಿ'. ಫೋಲಿಕ್ ಆಸಿಡ್ ಬೇರೆ ದಿನ. ಯಕೃತ್ತು, ರಕ್ತಕಣಗಳ ಪರೀಕ್ಷೆ ಆಗಾಗ ತಪ್ಪದೆ. ಭಾನುವಾರ ಹೊಟ್ಟೆ ತೊಳಸುತ್ತದೆ, ಮೈಯೆಲ್ಲ ಸುಸ್ತು. ಆ ದಿನ ನಮ್ಮ ಮನೆಗೆ ಯಾರನ್ನೂ ಊಟಕ್ಕೆ ಕರೆಯುವುದಿಲ್ಲ.

ಪಾಠ ಮಾಡುವ ಶಾಲೆಯಲ್ಲಿ ನಾನು ಕೇಳಿದ್ದು ಒಂದೇ: ಮೊದಲ ಪೀರಿಯಡ್ ಬೇಡ, ಬದಲಿಗೆ ಯಾರೂ ಒಲ್ಲದ ಕೊನೆಯ ಪೀರಿಯಡ್ ಕೊಡಿ. 'ಹುಷಾರಿಲ್ಲ' ಎಂದು ಕೇಳುತ್ತಿದ್ದಾಗ ಸಿಗದ್ದು, 'ಹತ್ತೂವರೆಯವರೆಗೆ ಚಾಕ್ ಹಿಡಿಯಲಾರೆ, ಮೂರು ಗಂಟೆಗೆ ಹಿಡಿಯಬಲ್ಲೆ' ಅಂದಾಗ ಸಿಕ್ಕಿತು. ಅನುಕಂಪಕ್ಕಿಂತ ವೇಳಾಪಟ್ಟಿ ತಿದ್ದುವುದು ಜನರಿಗೆ ಸುಲಭ. ಬಸ್ಸಿನದು ಬೇರೆ ಕತೆ. 2023ರಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದಮೇಲೆ ನನಗೆ ಟಿಕೆಟ್ಟಿನ ದುಡ್ಡು ಉಳಿಯಿತು, ಸೀಟು ಹೋಯಿತು. ಅಂಗವಿಕಲರ ಸೀಟು ಕೇಳಿದರೆ ಕಾರ್ಡು ತೋರಿಸಿ ಅನ್ನುತ್ತಾರೆ.

ಆ ಕಾರ್ಡೇ ಸಿಕ್ಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ, ಆಮವಾತದ ಹೆಸರು ಅದರಲ್ಲಿಲ್ಲ. ಕೈಕಾಲಿನ ಚಲನೆ ಎಷ್ಟು ಕುಗ್ಗಿದೆ ಎಂದು ಅಳೆದು ಶೇಕಡಾವಾರು ಕೊಡಬೇಕು. ಮೀಸಲಾತಿಯಂಥ ಮುಖ್ಯ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಇರಬೇಕು. ನನ್ನನ್ನು ಅಳೆದದ್ದು ಮಧ್ಯಾಹ್ನ ಹನ್ನೆರಡರ ಮೇಲೆ. ಬೆರಳುಗಳು ವಿಧೇಯವಾಗಿ ಮಡಚಿಕೊಂಡವು. ಅಂಕ 40 ಮುಟ್ಟಲಿಲ್ಲ. ಅಳೆದ ವೈದ್ಯರು ಕೋನಮಾಪಕದಲ್ಲಿ ಕಂಡದ್ದನ್ನೇ ಬರೆದರು, ಅವರನ್ನು ದೂರುವಂತಿಲ್ಲ. ದಿನದ ಯಾವ ಹೊತ್ತು ಎಂದು ಬರೆಯುವ ಕಾಲಂ ಆ ಅರ್ಜಿಯಲ್ಲಿರಲಿಲ್ಲ.

ಈ ಸಲ ಮತ್ತೆ ಹಾಕುತ್ತಿದ್ದೇನೆ. ಎಕ್ಸ್‌ರೇ, ರಕ್ತಪರೀಕ್ಷೆಯ ಚೀಟಿಗಳ ಜೊತೆ, ಬೆಳಗಿನ ಆರೂವರೆಗೆ ನಾನು ಲೋಟ ಎತ್ತಲು ಹೆಣಗುವುದನ್ನು ಮಗ ತೆಗೆದ ಫೋಟೊಗಳೂ ಇವೆ. ತೆಗೆದುಕೊಳ್ಳುತ್ತಾರೋ ಇಲ್ಲವೋ, ಕಡತದಲ್ಲಿ ಇರಲಿ.