ಮೂಲಂಗಿಗೆ ಮೂರು ಕಾಲು

ಹೋದ ವರ್ಷ ನಾವು ಹಿತ್ತಲಲ್ಲಿ ಮೂಲಂಗಿ ಹಾಕಿದೆವು. ಚೆನ್ನಾಗಿ ಬರಲಿ ಅಂತ ಹಸಿ ಸಗಣಿ ಸುರಿದೆವು. ಸೊಪ್ಪು ಹುಲುಸಾಗಿ ಬಂತು. ಕಿತ್ತು ನೋಡಿದರೆ ಒಂದೊಂದು ಗಡ್ಡೆಗೂ ಎರಡು ಕಾಲು, ಮೂರು ಕಾಲು! ಸಂತೆಯಲ್ಲಿ ಯಾರೂ ಕೊಳ್ಳಲಿಲ್ಲ. ಬೀಜದ ದುಡ್ಡೂ ಹುಟ್ಟಲಿಲ್ಲ.

ತಪ್ಪು ಬೀಜದ್ದಲ್ಲ. ಹಸಿ ಗೊಬ್ಬರಕ್ಕೆ ಎಳೆ ಬೇರಿನ ತುದಿ ಸುಡುತ್ತದೆ. ತುದಿ ಕೆಟ್ಟರೆ ಬೇರು ಕವಲು ಒಡೆಯುತ್ತದೆ.

ಈ ಸಲ ಸಗಣಿ, ಕಸಕಡ್ಡಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆವು. ಆಗಾಗ ನೀರು ಚಿಮುಕಿಸಿದೆವು. ಐದಾರು ತಿಂಗಳಿಗೆ ಗೊಬ್ಬರ ಕಪ್ಪಾಗಿ ಪುಡಿಪುಡಿ ಆಯಿತು. ಮೂಸಿದರೆ ಮಣ್ಣಿನ ವಾಸನೆ. ಸಗಣಿ ವಾಸನೆ ಬಂದರೆ ಇನ್ನೂ ಕಳಿತಿಲ್ಲ ಅಂತ ತಿಳೀರಿ.

ಬಿತ್ತುವ ಮೊದಲೇ ಅದನ್ನು ಮಣ್ಣಿಗೆ ಬೆರೆಸಿದೆವು. ಕಲ್ಲು ಆರಿಸಿದೆವು. ಗಟ್ಟಿ ನೆಲ ಸಡಿಲ ಆಯಿತು. ಮೂಲಂಗಿ ನೆಟ್ಟಗೆ ಇಳಿಯಿತು.

ದಿನಾ ತಿಪ್ಪೆಗೆ ಸಗಣಿ ಹೊರೋರು ನಾವೇ ತಾನೆ? ನಾಳೆ ಒಮ್ಮೆ ಕೆದಕಿ, ಮೂಸಿ ನೋಡಿ.