ದತ್ತು ಮಗುವಿಗೂ ಮುನ್ನ ಮನೆಗೆ ಬರುವ ಸಮಾಜ ಕಾರ್ಯಕರ್ತರು

ದತ್ತು ಪಡೆಯಲು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಎಲ್ಲರೂ ಕರೆಯುವ ‘ಕಾರಾ’ದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸುವಾಗ ಇಲ್ಲದ ದಿಗಿಲು, ಸಮಾಜ ಕಾರ್ಯಕರ್ತರು ಮನೆಗೆ ಬರುತ್ತೇವೆಂದು ಫೋನ್ ಮಾಡಿದಾಗ ಹುಟ್ಟಿಕೊಳ್ಳುತ್ತದೆ. ಗೋಡೆಗೆ ಬಣ್ಣ ಹೊಡೆಸಬೇಕೆ, ತೊಟ್ಟಿಲು ತಂದಿಡಬೇಕೆ, ಬಾಡಿಗೆ ಮನೆ ಎಂದರೆ ಬೇಡವೆಂದುಬಿಡುತ್ತಾರೆಯೆ? ಯಾವುದಕ್ಕೂ ಹೆದರಬೇಕಾಗಿಲ್ಲ. ಸ್ವಂತ ಮನೆ ಇರಲೇಬೇಕು ಎಂಬ ಷರತ್ತು ಕಾನೂನಿನಲ್ಲಿ ಇಲ್ಲ. ಮಗುವನ್ನು ಸಾಕುವಷ್ಟು ಆದಾಯ, ಆರೋಗ್ಯ ಮತ್ತು ಮನಸ್ಸಿನ ಸ್ಥಿರತೆ ಇವೆಯೇ ಎಂಬುದನ್ನು ಅದು ಮುಖ್ಯವಾಗಿ ಕೇಳುತ್ತದೆ.

ಈ ಭೇಟಿಗೆ ಆಧಾರ 2015ರ ಬಾಲನ್ಯಾಯ ಕಾಯ್ದೆ ಮತ್ತು ಅದರಡಿ ಬಂದ 2022ರ ದತ್ತು ನಿಯಮಾವಳಿ. ನೀವು ನೋಂದಾಯಿಸಿ ದಾಖಲೆಗಳನ್ನು ಸಲ್ಲಿಸಿದ ಮೇಲೆ 60 ದಿನಗಳೊಳಗೆ ಗೃಹ ಅಧ್ಯಯನ ವರದಿ ಸಿದ್ಧವಾಗಬೇಕು. ವಿಶೇಷ ದತ್ತು ಸಂಸ್ಥೆಯ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರು ಅದನ್ನು ಬರೆಯುತ್ತಾರೆ. ವರದಿ 3 ವರ್ಷ ಚಾಲ್ತಿಯಲ್ಲಿರುತ್ತದೆ. ಅದರ ಆಧಾರದ ಮೇಲೆಯೇ ದೇಶದ ಯಾವುದೇ ಭಾಗದ ಮಗುವನ್ನು ನಿಮಗೆ ತೋರಿಸಬಹುದು. ನಿಮ್ಮ ಮನೆಯನ್ನು ಎಂದೂ ಕಾಣದ ಒಂದು ಸಂಸ್ಥೆ ಆ ಕೆಲವು ಪುಟಗಳನ್ನು ನಂಬಿ ಮಗುವನ್ನು ನಿಮ್ಮ ಕೈಗಿಡುತ್ತದೆ. ಪ್ರಶ್ನೆಗಳು ಅಷ್ಟೊಂದು ಖಾಸಗಿಯಾಗಿರುವುದು ಈ ಕಾರಣಕ್ಕೆ.

ಬಣ್ಣಕ್ಕಿಂತ ಮೊದಲು ಆಗಬೇಕಾದ ಕೆಲಸ ಮನೆಮಂದಿಯ ಮಾತುಕತೆ. ಗಂಡ ಹೆಂಡತಿ ಇಬ್ಬರೂ ಸ್ವಂತ ಮನಸ್ಸಿನಿಂದ ಒಪ್ಪಿರಬೇಕು. ದಂಪತಿಗೆ ಕನಿಷ್ಠ 2 ವರ್ಷಗಳ ಸ್ಥಿರ ದಾಂಪತ್ಯ ಇರಬೇಕೆಂಬುದು ನಿಯಮ. ಸಮಾಜ ಕಾರ್ಯಕರ್ತರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುತ್ತಾರೆ, ಬೇರೆ ಬೇರೆಯಾಗಿಯೂ ಮಾತಾಡಿಸಬಹುದು. ಒಬ್ಬರು ‘ಅವಳ ಆಸೆಗೆ ಹೂಂ ಅಂದೆ’ ಎಂದರೆ ಅದು ಅಲ್ಲೇ ಗೊತ್ತಾಗುತ್ತದೆ. ಮಕ್ಕಳಾಗಲಿಲ್ಲವೆಂಬ ನೋವು, ಚಿಕಿತ್ಸೆ ಫಲಿಸದ ವರ್ಷಗಳು, ಗರ್ಭಪಾತದ ದುಃಖ ಎಲ್ಲವೂ ಪ್ರಸ್ತಾಪಕ್ಕೆ ಬರಬಹುದು. ಮರೆಮಾಚಬೇಡಿ. ಆ ನೋವು ಇದೆಯೆಂದ ಮಾತ್ರಕ್ಕೆ ನೀವು ಅನರ್ಹರಾಗುವುದಿಲ್ಲ. ಆದರೆ ಅದನ್ನು ತುಂಬುವ ಹೊಣೆಯನ್ನು ಬರುವ ಮಗುವಿನ ಮೇಲೆ ಹೊರಿಸದಿರುವ ಎಚ್ಚರ ನಿಮ್ಮ ಮಾತಿನಲ್ಲಿ ಕಾಣಬೇಕು.

ಮುಂದಿನದು ಅಜ್ಜ ಅಜ್ಜಿ. ನಮ್ಮ ಕುಟುಂಬಗಳಲ್ಲಿ ಹೆಚ್ಚು ಸಂಕಟ ತರುವುದು ‘ಯಾರ ಮಗುವೋ, ಯಾವ ಜಾತಿಯೋ’ ಎಂಬ ಮಾತು. ಈ ಮಾತನ್ನು ಭೇಟಿಗೆ ಮುಂಚೆಯೇ ಮನೆಯೊಳಗೆ ಎದುರಿಸಿ. ಮಗುವಿನ ವಯಸ್ಸಿನ ಗುಂಪು, ಲಿಂಗದಂಥ ಆಯ್ಕೆಗಳನ್ನು ನೋಂದಣಿಯಲ್ಲಿ ಸೂಚಿಸಬಹುದು. ಜಾತಿ, ಧರ್ಮ, ಮೈಬಣ್ಣ ಆರಿಸಿಕೊಳ್ಳಲು ಅಲ್ಲಿ ಜಾಗವಿಲ್ಲ, ಇರಲೂ ಕೂಡದು. ಅತ್ತೆಯವರು ಇನ್ನೂ ಪೂರ್ತಿ ಒಪ್ಪಿಲ್ಲವೆಂದರೆ ಅದನ್ನೂ ಹೇಳಿ, ಅವರನ್ನು ಹೇಗೆ ಒಲಿಸುತ್ತಿದ್ದೀರಿ ಎಂಬುದನ್ನೂ ಹೇಳಿ. ಪಾಠ ಒಪ್ಪಿಸುವಂತೆ ‘ನಮ್ಮದೇ ಮಗು ಅಂತ ನೋಡ್ಕೋತೀವಿ’ ಎಂದು ಎಲ್ಲರೂ ಹೇಳುವುದಕ್ಕಿಂತ ಇದಕ್ಕೆ ಬೆಲೆ ಹೆಚ್ಚು. ಮನೆಯಲ್ಲಿ ಈಗಾಗಲೇ ಮಗುವಿದ್ದರೆ ಅವನನ್ನೋ ಅವಳನ್ನೋ ಮಾತಾಡಿಸುತ್ತಾರೆ. ತಮ್ಮ ತಂಗಿ ಬರುವ ವಿಷಯ ಮಗುವಿಗೆ ಮೊದಲು ನಿಮ್ಮಿಂದಲೇ ತಿಳಿಯಲಿ.

ದತ್ತು ಎಂಬುದನ್ನು ಮಗುವಿಗೆ ಯಾವಾಗ ಹೇಳುತ್ತೀರಿ ಎಂಬ ಪ್ರಶ್ನೆ ಬಂದೇ ಬರುತ್ತದೆಂದು ಇಟ್ಟುಕೊಳ್ಳಿ. ‘ಎಂದಿಗೂ ಹೇಳುವುದಿಲ್ಲ’ ಎಂಬ ಉತ್ತರ ನನ್ನ ದೃಷ್ಟಿಯಲ್ಲಿ ಮಗುವಿಗೆ ಮಾಡುವ ಅನ್ಯಾಯ. ತನ್ನ ಮೂಲವನ್ನು ಹುಡುಕುವ ಅವಕಾಶವನ್ನು ದತ್ತು ನಿಯಮಾವಳಿಯೇ ಮಗುವಿಗೆ ಕೊಟ್ಟಿದೆ. ನೆರೆಯವರ ಬಾಯಿಂದ ತಿಳಿಯುವ ಮುನ್ನ ಅದು ಅಪ್ಪ ಅಮ್ಮನಿಂದಲೇ ತಿಳಿಯಬೇಕು.

ಒಂಟಿ ಮಹಿಳೆ ಗಂಡು ಅಥವಾ ಹೆಣ್ಣು ಮಗುವನ್ನು ದತ್ತು ಪಡೆಯಬಹುದು. ಒಂಟಿ ಪುರುಷ ಹೆಣ್ಣು ಮಗುವನ್ನು ಪಡೆಯುವಂತಿಲ್ಲ. ಒಂಟಿಯಾಗಿ ಅರ್ಜಿ ಹಾಕಿದವರಿಗೆ ‘ನಿಮಗೇನಾದರೂ ಆದರೆ ಮಗುವನ್ನು ನೋಡಿಕೊಳ್ಳುವವರು ಯಾರು’ ಎಂದು ಕೇಳುತ್ತಾರೆ. ಅದಕ್ಕೆ ಹತ್ತಿರದ ಸಂಬಂಧಿಯ ಒಪ್ಪಿಗೆ ಪತ್ರ ಬೇಕು. ಆ ಸಂಬಂಧಿ ಭೇಟಿಯ ದಿನ ಮನೆಯಲ್ಲಿದ್ದರೆ ಒಳ್ಳೆಯದು.

ದಾಖಲೆಗಳನ್ನು ಒಂದು ಫೈಲಿನಲ್ಲಿ ಜೋಡಿಸಿಡಿ: ಜನನ, ವಿಳಾಸ, ಆದಾಯ ಮತ್ತು ಮದುವೆಯ ದಾಖಲೆ, ಪ್ಯಾನ್, ವೈದ್ಯರ ಪ್ರಮಾಣಪತ್ರ, ಅನ್ವಯಿಸಿದರೆ ವಿಚ್ಛೇದನದ ಆದೇಶ. ಸಕ್ಕರೆ ಕಾಯಿಲೆಗೋ ಬಿಪಿಗೋ ಮಾತ್ರೆ ತೆಗೆದುಕೊಳ್ಳುವುದನ್ನು ಮುಚ್ಚಿಡಬೇಡಿ. ಕಾನೂನು ತಡೆಯುವುದು ಪ್ರಾಣಕ್ಕೆ ಅಪಾಯ ತರುವಂಥ ಕಾಯಿಲೆಯನ್ನು. ಮನೆಯಲ್ಲಿ ಸಂಪಿನ ಮುಚ್ಚಳ, ಬಾವಿಯ ಕಟ್ಟೆ, ತಾರಸಿಯ ಪ್ಯಾರಾಪೆಟ್, ಬಾಲ್ಕನಿಯ ಕಂಬಿ ಇವನ್ನೊಮ್ಮೆ ನೋಡಿ. ಇವು ತೋರಿಕೆಗಲ್ಲ, ನಾಳೆ ಅಂಬೆಗಾಲಿಡುವ ಮಗುವಿಗೆ.

ಈ ಭೇಟಿಗೆ ನಿಗದಿಯಾದ ಶುಲ್ಕವಿದೆ. ಅದನ್ನು ಮಾತ್ರ ಕೊಟ್ಟು ರಸೀದಿ ಕೇಳಿ. ಅದರಾಚೆ ‘ವರದಿ ಚೆನ್ನಾಗಿ ಬರೆಸುತ್ತೇವೆ’, ‘ಬೇಗ ಮಗು ಕೊಡಿಸುತ್ತೇವೆ’ ಎನ್ನುವ ಮಧ್ಯವರ್ತಿಯನ್ನು ಹತ್ತಿರ ಸೇರಿಸಬೇಡಿ. ಆಸ್ಪತ್ರೆಯಿಂದ ನೇರವಾಗಿ ಮಗು ಕೊಡಿಸುವವರ ಮಾತಿಗೂ ಮರುಳಾಗಬೇಡಿ. ಮಗುವಿನ ಮಾರಾಟ ಮತ್ತು ಖರೀದಿಗೆ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಲ್ಲಿ 5 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿ ದಂಡವಿದೆ. ಮಗುವನ್ನು ಕೊಂಡವರೂ ತಪ್ಪಿಸಿಕೊಳ್ಳಲಾರರು.

ಅರ್ಹರಲ್ಲವೆಂದು ವರದಿ ಬಂದರೆ ಅದಕ್ಕೆ ಕಾರಣ ಕೊಡಬೇಕು. ಕಾರಣ ತಿಳಿದುಕೊಂಡು ಮೇಲ್ಮನವಿ ಸಲ್ಲಿಸುವ ಹಕ್ಕು ನಿಮಗಿದೆ. ಅರ್ಹರೆಂದು ಬಂದರೂ ಮಗು ಕೂಡಲೇ ಸಿಗುವುದಿಲ್ಲ. ಹಿರಿತನದ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾಯಬೇಕಾಗಬಹುದು. ಆ ನಡುವೆ ಕೆಲಸ ಬದಲಾದರೆ, ಮನೆ ಬದಲಾದರೆ, ಮನೆಯಲ್ಲಿ ಒಂದು ಕೂಸು ಹುಟ್ಟಿದರೆ ತಿಳಿಸಿ. ಮಗು ಬಂದ ಮೇಲೆ ದತ್ತು ಆದೇಶ ಕೊಡುವವರು ಈಗ ಜಿಲ್ಲಾಧಿಕಾರಿ. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಾಗ ಈ ಅಧಿಕಾರ ನ್ಯಾಯಾಲಯದಿಂದ ಅವರಿಗೆ ಬಂತು. ಮಗು ನಿಮ್ಮ ಮನೆ ಸೇರಿದ ದಿನದಿಂದ 2 ವರ್ಷ, ಆರಾರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮತ್ತೆ ಬಂದು ವರದಿ ಬರೆಯುತ್ತಾರೆ. ಮಗು ರಾತ್ರಿಯೆಲ್ಲ ಅಳುತ್ತಿದ್ದರೆ, ಊಟ ಮಾಡದಿದ್ದರೆ, ನಿಮಗೇ ದಿಕ್ಕು ತೋಚದಿದ್ದರೆ ಆಗ ಅವರನ್ನು ಕೇಳಿ. ಆಪ್ತ ಸಲಹೆ ಕೊಡುವುದೂ ಅವರ ಕೆಲಸದಲ್ಲೇ ಸೇರಿದೆ.